ಸೊಂಟಕ್ಕೆ ಸುತ್ತಿದ ಬಟ್ಟೆ

ಮೈ ಅಳತೆಯವರು ಬರುತ್ತಾರೆಂದು ಗೊತ್ತಾದದ್ದೇ ತಡ, ನಮ್ಮ ಸಾಲುಮನೆಗಳಲ್ಲಿ ಹಳೇ ಹೊದಿಕೆಗಳಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಕಾಡಿನಿಂದ ಎಬ್ಬಿಸಿ ತಂದು ಇಲ್ಲಿ ಕೂರಿಸಿದ ಮೂಲಜನ ನಾವು. ಅಳತೆ ಅಂದರೆ ಏನೆಂದು ನಮಗೆ ಗೊತ್ತು. ಹಿಂದೊಮ್ಮೆ ಬಂದವರು ನನ್ನ ದೊಡ್ಡ ಮಗಳ ತೋಳಿಗೆ ಪಟ್ಟಿ ಸುತ್ತಿ, ಸಣಕಲು ಎಂದು ತೀರ್ಮಾನಿಸಿ, ಮೈ ತುಂಬಿಸಿ ಕಳಿಸುತ್ತೇವೆಂದು ದೂರದ ಆರೈಕೆ ಮನೆಗೆ ಒಯ್ದರು. ಮೈ ತುಂಬಿತು, ನಿಜ. ಆದರೆ ವರ್ಷಗಳ ಮೇಲೆ ವಾಪಸು ಬಂದವಳಿಗೆ ನಮ್ಮ ಮಾತೇ ಬರುತ್ತಿರಲಿಲ್ಲ, ನನ್ನನ್ನು ಅವ್ವ ಎನ್ನಲೂ ನಾಚಿದಳು. ಹೊಟ್ಟೆ ಉರಿಯದೆ ಇರುತ್ತದೆಯೇ?

ಹದಿಹರೆಯದ ಚಿಕ್ಕವಳು ಈಗ ಕಡ್ಡಿಯಾಗಿದ್ದಾಳೆ. ಹೊಟ್ಟೆ ತುಂಬ ಉಣ್ಣುತ್ತಾಳೆ, ಬಿಂದಿಗೆಗಟ್ಟಲೆ ನೀರು ಕುಡಿಯುತ್ತಾಳೆ, ಆದರೂ ದಿನೇ ದಿನೇ ಇಳಿಯುತ್ತಿದ್ದಾಳೆ. ಇವಳನ್ನೂ ಒಯ್ದರೆ ನಾನು ಬದುಕಿದ್ದೂ ಸತ್ತ ಹಾಗೆ. ಅದಕ್ಕೇ ಹೊದಿಕೆ ಹರಿದು ಅವಳ ಸೊಂಟಕ್ಕೆ ಬಿಗಿಯಾಗಿ ಸುತ್ತಿ, ಮೇಲೆ ಅವಳಪ್ಪನ ದೊಗಲೆ ಅಂಗಿ ಹಾಕಿದೆ. ಉಸಿರು ಕಟ್ಟುತ್ತದೆ ಎಂದಳು. ತೆಪ್ಪಗಿರು ಎಂದು ಗದರಿದೆ.

ಸಮುದಾಯ ಭವನದಲ್ಲಿ ನಮ್ಮವರೆಲ್ಲ ಅಂಗಿಯೊಳಗೆ ಹೊದಿಕೆ ಸುತ್ತಿಕೊಂಡು ಮೂಟೆಗಳ ಹಾಗೆ ಸಾಲುಗಟ್ಟಿದ್ದರು. ಪಕ್ಕದ ಮನೆಯ ಗಿಡ್ಡತ್ತೆಯಂತೂ ತಳ್ಳಿದರೆ ಉರುಳುತ್ತಿದ್ದಳು. ಆದರೆ ನರ್ಸಮ್ಮ ಮೆಚ್ಚುವ ಬದಲು ಒಬ್ಬೊಬ್ಬರಿಗೂ ಬೈಯುತ್ತಿದ್ದಳು: ಬೊಜ್ಜು ಜಾಸ್ತಿ, ಊಟ ಕಮ್ಮಿ ಮಾಡಿ. ನನಗೆ ತಲೆಬುಡ ಅರ್ಥವಾಗಲಿಲ್ಲ. ಅಂದು ಸಣ್ಣಗಿದ್ದದ್ದು ತಪ್ಪು, ಇಂದು ದಪ್ಪಗಿರುವುದು ತಪ್ಪು. ಇವರಿಗೆ ನಾವು ಇರುವುದೇ ತಪ್ಪೋ ಏನೋ!

ನರ್ಸಮ್ಮ ಮಗಳ ತೋಳಿನ ಹಿಂಬದಿಯ ಚರ್ಮವನ್ನು ಇಕ್ಕಳದಂಥ ಸಾಧನದಿಂದ ಹಿಡಿದಳು. ಕೊಬ್ಬೇ ಇಲ್ಲ. ಅಂಗಿಯ ಮೇಲಿಂದಲೇ ಸೊಂಟಕ್ಕೆ ಟೇಪು ಹಾಕಿದಳು. ಬೇಕಾದಷ್ಟಿದೆ. ಮತ್ತೆ ಹಿಡಿದಳು, ಮತ್ತೆ ಸುತ್ತಿದಳು. ಅವಳಿಗೂ ನನ್ನ ಹಾಗೇ ತಲೆಬುಡ ತಿಳಿಯದಾಯಿತು. ಕೊನೆಗೆ, ಸೊಂಟ ದಪ್ಪ ಇದ್ದವರಿಗಷ್ಟೇ ಸಕ್ಕರೆ ಪರೀಕ್ಷೆ ಎಂಬ ನಿಯಮದಂತೆ ಇವಳ ಬೆರಳನ್ನೂ ಚುಚ್ಚಿದಳು.

ನೋಡಿದವಳ ಮುಖ ಕಳೆಗುಂದಿತು. ಮಗಳ ರಕ್ತದಲ್ಲಿ ಸಕ್ಕರೆ ವಿಪರೀತ ಏರಿದೆಯಂತೆ, ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಜೀವಕ್ಕೇ ಕುತ್ತಂತೆ, ಇವತ್ತೇ ಸೂಜಿಮದ್ದು ಶುರುವಾಗಬೇಕಂತೆ. ಬಟ್ಟೆ ಸುತ್ತದೆ ಕರೆತಂದಿದ್ದರೆ ಬೆರಳು ಚುಚ್ಚುತ್ತಲೇ ಇರಲಿಲ್ಲವಲ್ಲ! ನಾನು ಮಾಡಿದ್ದು ಮೋಸವೋ ಪುಣ್ಯವೋ, ಈಗಲೂ ಬಗೆಹರಿದಿಲ್ಲ.

"ತೂಕ ನೋಡಿ ಮದ್ದು ಕೊಡಬೇಕು ಅಮ್ಮಾ," ಎಂದಳು ನರ್ಸಮ್ಮ. "ಹೆಚ್ಚುಕಮ್ಮಿ ಆದ್ರೆ ಅಪಾಯ."

ಬಟ್ಟೆ ಹಾಗೇ ಬಿಟ್ಟರೆ ತಪ್ಪು ಮದ್ದು. ಬಿಚ್ಚಿದರೆ ಸಣಕಲು ಮೈ ಎಲ್ಲರ ಕಣ್ಣಿಗೆ. ಅತ್ತ ದರಿ, ಇತ್ತ ಪುಲಿ. ಮಗಳು ನನ್ನನ್ನೇ ನೋಡುತ್ತಿದ್ದಳು.

ಅವಳ ಅಂಗಿ ಸರಿಸಿ ಬಟ್ಟೆ ಬಿಚ್ಚತೊಡಗಿದೆ. ಸುರುಳಿ ಸುರುಳಿಯಾಗಿ ನೆಲಕ್ಕೆ ಬಿತ್ತು. ಒಳಗಿದ್ದದ್ದು ಬರೀ ಎಲುಬು. ಮಗಳನ್ನು ತೂಕದ ಮೆಷಿನ್ ಮೇಲೆ ನಿಲ್ಲಿಸಿದೆ, ಕೈ ಮಾತ್ರ ಬಿಡಲಿಲ್ಲ.

"ಕೈ ಬಿಡಿ ಅಮ್ಮಾ, ತೂಕ ಸರಿ ಬರಲ್ಲ."

"ಹಿಂದೆ ಒಂದ್ಸಲ ಬಿಟ್ಟೆ," ಅಂದೆ. "ದೊಡ್ಡವಳು ನಂಗೆ ವಾಪಸ್ ಸಿಗಲೇ ಇಲ್ಲ."

ನರ್ಸಮ್ಮನಿಗೆ ಏನು ಅರ್ಥವಾಯಿತೋ, ಬರೆಯುತ್ತಿದ್ದ ಹಾಳೆ ಕೆಳಗಿಟ್ಟು ಕಾದಳು. ಕೊನೆಗೆ ಮಗಳೇ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.