ವಾಸನೆ ಹಿಡಿದು ಬಂದವರು

ಮಿಠಾಯಿಗೆ ಬೆರೆಸುವ ಬಾಳೆಹಣ್ಣಿನ ಎಸೆನ್ಸ್ ತಯಾರಿಸುವ ಕಾರ್ಖಾನೆಯಲ್ಲಿ ಅಕ್ಕ ಅರ್ಧ ಆಯಸ್ಸು ಸವೆಸಿದ್ದಳು. ಅದಕ್ಕೆ ಬಾಳೆಹಣ್ಣಿನ ಸಿಪ್ಪೆ ಕೂಡ ಬೀಳುತ್ತಿರಲಿಲ್ಲ. ವಿನೆಗರಿನ ಆಮ್ಲಕ್ಕೆ ಒಂದು ಬಗೆಯ ಆಲ್ಕೋಹಾಲ್ ಸೇರಿಸಿ ಕಾಯಿಸಿದರೆ ಮುಗಿಯಿತು, ಘಮಘಮ. ಆ ವಾಸನೆ ಅವಳ ಬಟ್ಟೆಗೆ, ಕೂದಲಿಗೆ ಅಂಟಿಕೊಂಡಿತ್ತು. ಅವಳ ಮೂಗಿಗೆ ಮಾತ್ರ ಅದು ಗೊತ್ತಾಗುವುದು ಯಾವತ್ತೋ ನಿಂತುಹೋಗಿತ್ತು. ಬಸ್ಸಿನಲ್ಲಿ ಪಕ್ಕ ಕೂತವರು ಮೂಗು ಮುಚ್ಚಿಕೊಂಡು ಎದ್ದುಹೋದಾಗಲೇ ನೆನಪಾಗುತ್ತಿತ್ತು.

ಒಂದು ರಜೆಯ ದಿನ ಮನೆಯಲ್ಲಿ ಗೋಡೆ ನೋಡಿ ನೋಡಿ ಬೇಜಾರಾಗಿ, ಕೆಲಸದ ಕೋಟನ್ನೇ ಹಾಕಿಕೊಂಡು ಹೇಳದೆ ಕೇಳದೆ ತಂಗಿಯ ಮನೆಗೆ ಹೊರಟಳು. ತಂಗಿ ಅಂಗಳದ ಪೆಟ್ಟಿಗೆಗಳಲ್ಲಿ ಜೇನು ಸಾಕಲು ಶುರುಮಾಡಿದ್ದಳು. ಅಕ್ಕ ಗೇಟು ತೆಗೆದದ್ದೇ ತಡ, ಹುಳುಗಳು ಗುಂಪಾಗಿ ಎದ್ದು ಅವಳ ಮೇಲೆ ಮುಗಿಬಿದ್ದವು.

ತಂಗಿ ಓಡಿಬಂದು ಅವಳನ್ನು ಒಳಗೆಳೆದುಕೊಂಡು ಬಾಗಿಲು ಹಾಕಿದಳು. ಮುಳ್ಳು ಕೀಳುತ್ತಾ ಬೈದಳು:

"ಜೇನುಹುಳ ಕಚ್ಚಿದಾಗ ನಿನ್ನ ಕೋಟಿನ ಇದೇ ಬಾಳೆಹಣ್ಣಿನ ವಾಸನೆ ಬಿಡುತ್ತೆ ಕಣಕ್ಕ. ಅದು ಸಿಕ್ಕಿದ್ರೆ ಸಾಕು, ಉಳಿದವೆಲ್ಲ ಜಗಳಕ್ಕೆ ಎದ್ದು ಬರ್ತವೆ. ಇನ್ಮೇಲೆ ಮನೆಗೆ ಬರ್ಬೇಡ. ನೋಡ್ಬೇಕು ಅನ್ಸಿದ್ರೆ ಫೋನ್ ಮಾಡು, ನಾನೇ ಬಿಡುವು ಮಾಡ್ಕೊಂಡು ಬರ್ತೀನಿ."

"ಬರ್ತೀನಿ ಅಂತ ಹೋದ ವರ್ಷಾನೂ ಅಂದಿದ್ದೆ ನೀನು," ಅಂದಳು ಅಕ್ಕ. ತಂಗಿ ಮತ್ತೊಂದು ಮುಳ್ಳು ಕಿತ್ತಳು.

ವಾಪಸ್ ಬರುವಾಗ ಬಸ್ಸು ಕಿಕ್ಕಿರಿದಿತ್ತು, ಅವಳ ಪಕ್ಕದ ಸೀಟೊಂದು ಬಿಟ್ಟು. ಊದಿದ ಕೆನ್ನೆ ಸವರಿಕೊಂಡಳು. ಅವಳು ಬಂದದ್ದು ತಿಳಿದು ಗೇಟಿನವರೆಗೆ ಧಾವಿಸಿ ಬಂದದ್ದು ಎಷ್ಟೋ ವರ್ಷಗಳಲ್ಲಿ ಆ ಹುಳುಗಳಷ್ಟೇ. ತಂಗಿಯ ಕಣ್ಣು ತಪ್ಪಿದ ಒಂದು ಮುಳ್ಳು ಕಿವಿಯ ಹಿಂದೆ ಇನ್ನೂ ಚುಚ್ಚುತ್ತಿತ್ತು. ಕೀಳಲು ಅವಳಿಗೆ ಮನಸ್ಸು ಬರಲಿಲ್ಲ.