ಮಾವನ ಸ್ಲೈಡ್ ಬರುವವರೆಗೂ ಮದುವೆಯಿಲ್ಲ

ಆ ಮನೆತನದಲ್ಲಿ ಏನೇ ನಡೆದರೂ ಮಾವನ ಸ್ಲೈಡ್ ಬರುವವರೆಗೂ ಅದು ನಡೆದಿಲ್ಲ ಅಂತಲೇ ಲೆಕ್ಕ. ಹುಟ್ಟು, ಪಾಸು, ಬಡ್ತಿ, ಮದುವೆ, ಸಾವು, ಯಾವುದಾದರೂ ಸರಿ. ಮಾವ ಮೊದಲು ಫೋಟೋಗಳನ್ನು ಒಟ್ಟು ಹಾಕಬೇಕು, ಒಂದೊಂದರ ಕೆಳಗೂ ಎರಡು ಸಾಲು ಬರೆಯಬೇಕು, ಹಿಂದೆ ಸಂಗೀತ ಕೂರಿಸಬೇಕು, ಸ್ಲೈಡ್‌ಶೋ ಹಂಚಿಕೊಳ್ಳುವ ಒಂದು ವೆಬ್‌ಸೈಟಿಗೆ ಏರಿಸಿ ಲಿಂಕನ್ನು ಮನೆಯವರ ಗುಂಪಿಗೆ ಕಳಿಸಬೇಕು. ಎಲ್ಲರೂ ಕೊನೆಯವರೆಗೆ ಕೂತು ನೋಡಿ ಕೆಳಗೆ ‘ನೋಡಿದೆ’ ಅಂತ ಬರೆಯಬೇಕು. ಆಮೇಲಷ್ಟೇ ಅದು ನಡೆದದ್ದು.

ಇದೇನು ಹುಚ್ಚು ಅಂತ ನೀವು ಕೇಳಬಹುದು. ಹುಚ್ಚೇ, ನಾನೇನು ಇಲ್ಲ ಅನ್ನುವುದಿಲ್ಲ. ಹಿಂದೊಮ್ಮೆ ಭಾವನೊಬ್ಬ ತನಗೆ ಬಡ್ತಿ ಬಂತೆಂದು ಊರಿಗೆಲ್ಲ ಫೋನ್ ಮಾಡಿ ಹೇಳಿ, ಕೊನೆಗೆ ಬಡ್ತಿ ಬಂದದ್ದು ಪಕ್ಕದ ಮೇಜಿನವನಿಗೆ ಎಂದು ತಿಳಿದು, ಮನೆತನದ ಮಾನ ಮೂರು ಕಾಸಿಗೆ ಹರಾಜಾಗಿತ್ತು. ಅಂದೇ ಮಾವನ ಅಕ್ಕ, ಎಲ್ಲರೂ ದೊಡ್ಡತ್ತೆ ಅನ್ನುವ ಹಿರಿಯಾಕೆ, ತೀರ್ಪು ಕೊಟ್ಟರು. “ಇನ್ಮೇಲೆ ಬಾಯಿಮಾತು ನಂಬೋದೇ ಬೇಡ. ನನ್ನ ತಮ್ಮ ಸ್ಲೈಡ್ ಹಾಕಿದ್ರೆ ನಿಜ, ಹಾಕ್ಲಿಲ್ಲ ಅಂದ್ರೆ ಸುಳ್ಳು.” ದೊಡ್ಡತ್ತೆಯ ಮಾತಿಗೆ ಎದುರಾಡುವ ಗಂಡು ಆ ಮನೆಯಲ್ಲಿ ಹುಟ್ಟಿರಲಿಲ್ಲ. ಕಂಪ್ಯೂಟರ್ ಕೆಟ್ಟು ಚಿಕ್ಕಪ್ಪನ ನಿವೃತ್ತಿಯ ಸ್ಲೈಡ್ ತಡವಾದಾಗ, ಆ ಪುಣ್ಯಾತ್ಮ ದಿನಾ ಊಟದ ಡಬ್ಬಿ ಹಿಡಿದು ಆಫೀಸಿಗೆ ಹೋಗುತ್ತಲೇ ಇದ್ದರು. ಅವರ ಕುರ್ಚಿಯಲ್ಲಿ ಬೇರೆಯವನು ಕೂತಿದ್ದ. ಇವರು ಹೊರಗಿನ ಬೆಂಚಿನ ಮೇಲೆ ಕೂತು ಉಂಡು, ಸಂಜೆ ಸುಸ್ತಾಗಿ ಮನೆಗೆ ಬರುತ್ತಿದ್ದರು.

ಇಂಥ ಮನೆಯ ಹುಡುಗಿಯನ್ನು, ಅದೂ ಈ ಮಾವನ ಮಗಳನ್ನೇ, ಮದುವೆಯಾದವನು ನಮ್ಮ ಅಳಿಯ. ಅವನನ್ನು ಅಳಿಯ ಅಂತ ಕರೆಯುತ್ತಿರುವುದು ನಾನೊಬ್ಬನೇ, ಪಾಪ. ಅವನದೊಂದು ಕನ್ನಡಕದ ಅಂಗಡಿ, ಕಣ್ಣು ಪರೀಕ್ಷೆ ಮಾಡುವವನೂ ಅವನೇ. ಆ ಮನೆಯವರ ಬಾಯಲ್ಲಿ ಅವನು ‘ಕನ್ನಡಕದವರು’.

ಮದುವೆ ಆಗಿರಲಿಲ್ಲವೇ? ಆಗಿತ್ತು ಸ್ವಾಮಿ, ಕಾನೂನಿನ ಪ್ರಕಾರ ನೋಂದಣಿ ಕಚೇರಿಯಲ್ಲಿ ಆಗಿತ್ತು. ಸಾಕ್ಷಿಗೆ ಸಹಿ ಹಾಕಿದವರು ಮಾವ. ಫೋಟೋ ತೆಗೆದವರೂ ಮಾವ. ಆಮೇಲೆ ಕೆಳಗಿನ ಕ್ಯಾಂಟೀನಿನಲ್ಲಿ ಎಲ್ಲರಿಗೂ ಕಾಫಿ ಕೊಡಿಸಿ, “ಈ ವಾರ ಸ್ಲೈಡ್ ಹಾಕ್ಬಿಡ್ತೀನಿ” ಅಂದವರೂ ಅವರೇ. ಆ ವಾರ ಬರಲೇ ಇಲ್ಲ. ಎರಡು ವರ್ಷವಾಯಿತು. ಯಾರು ಕೇಳಿದರೂ ಮಾವನದು ಒಂದೇ ಉತ್ತರ. “ಮ್ಯೂಸಿಕ್ ಕೂರ್ತಾ ಇಲ್ಲ.”

ಹೀಗಾಗಿ ಅಳಿಯ ಎರಡು ವರ್ಷದಿಂದ ಹೆಂಡತಿಯ ಜೊತೆಗೇ ಇದ್ದೂ ಬ್ರಹ್ಮಚಾರಿ. ನೆಂಟರು ಮನೆಗೆ ಬಂದರೆ ಅವನನ್ನು ಬಾಡಿಗೆಗೆ ಇರುವವನಂತೆ ಮಾತನಾಡಿಸಿ, “ನಿಮಗೆ ಇಲ್ಲಿ ನೀರು ಸರಿಯಾಗಿ ಬರುತ್ತಾ?” ಅಂತ ಕೇಳುತ್ತಿದ್ದರು. ಬೇರೆಯವರ ಸ್ಲೈಡ್‌ಗಳಲ್ಲಿ ಅವನ ಮುಖ ಬಂದರೆ ಕೆಳಗೆ ‘ಮತ್ತು ಇತರರು’ ಅಂತ ಇರುತ್ತಿತ್ತು. ಹೆಂಡತಿಗೆ ಇದೆಲ್ಲ ಹೊಟ್ಟೆ ಹಿಡಿದು ನಗುವ ವಿಷಯ. ಅವನೂ ನಗುತ್ತಿದ್ದ, ಅವಳು ಬಸುರಿಯಾಗುವವರೆಗೆ.

ಆಮೇಲೆ ನಗು ನಿಂತಿತು. ಹುಟ್ಟುವ ಮಗುವಿಗೆ ತಾನು ಏನಾಗಬೇಕು? ಕನ್ನಡಕದವರ ಮಗು ಅನ್ನುತ್ತಾರೋ, ಇತರರ ಮಗು ಅನ್ನುತ್ತಾರೋ? ಹೋಗಿ ದೊಡ್ಡತ್ತೆಯನ್ನೇ ಕೇಳಿದ. ಅವರು ಮರುಕದಿಂದಲೇ ಹೇಳಿದರು. “ಮದುವೆ ಸ್ಲೈಡೇ ಬಂದಿಲ್ಲ, ಮಗು ಸ್ಲೈಡ್ ಹೇಗಪ್ಪಾ ಹಾಕೋದು? ಹಿಂದುಮುಂದಾಗುತ್ತಲ್ಲ.”

ಸರಿ, ತಾನೇ ಒಂದು ಸ್ಲೈಡ್‌ಶೋ ಮಾಡಿ ಬಿಸಾಕುತ್ತೇನೆ ಅಂತ ಅಳಿಯ ಅಂಗಡಿಯ ಕಂಪ್ಯೂಟರಿನ ಮುಂದೆ ಕೂತ. ಆ ವೆಬ್‌ಸೈಟಿನಲ್ಲಿ ಸಂಗೀತ ಪುಕ್ಕಟೆ. ‘ಸಂತೋಷ ಒಂದು’, ‘ಸಂತೋಷ ಎರಡು’, ‘ದುಃಖ ಸಾಧಾರಣ’ ಅಂತೆಲ್ಲ ಹೆಸರು. ‘ಸಂತೋಷ ಎರಡು’ ಆರಿಸಿ ಏರಿಸಿದ. ಏರಿಸಿದ್ದು ಅಂಗಡಿಯ ಖಾತೆಯಿಂದ. ಆ ಖಾತೆಯಲ್ಲಿ ಹಳೆಯ ಗಿರಾಕಿಗಳಿಗೆ ಕಳಿಸಲೆಂದು ಮಾಡಿಟ್ಟಿದ್ದ ಕಣ್ಣು ಪರೀಕ್ಷೆಯ ಅಕ್ಷರದ ಫಲಕಗಳಿದ್ದವು, ಅವೂ ಜೊತೆಗೆ ಸೇರಿಕೊಂಡುಬಿಟ್ಟವು. ನೋಂದಣಿ ಕಚೇರಿಯ ಮೆಟ್ಟಿಲು ಬಂತು, ಸಹಿ ಬಂತು, ಹೂಗುಚ್ಛ ಬಂತು, ಆಮೇಲೆ ದೊಡ್ಡದರಿಂದ ಚಿಕ್ಕದಾಗುತ್ತ ಹೋಗುವ ಅಕ್ಷರಗಳು ಬಂದವು. ನೆಂಟರು ಶ್ರದ್ಧೆಯಿಂದ ಎಲ್ಲವನ್ನೂ ಓದಿ ಕೆಳಗೆ ಬರೆದರು. ‘ನಾಲ್ಕನೇ ಸಾಲಿನವರೆಗೆ ಕಾಣ್ತು.’ ‘ನನಗೆ ಎಡಗಣ್ಣಲ್ಲಿ ಕಡೇ ಸಾಲು ಮಂಜು.’ ಚಿಕ್ಕಪ್ಪನಂತೂ ಬೆಳಗ್ಗೆಯೇ ಅಂಗಡಿಗೆ ಬಂದು ಕನ್ನಡಕ ಮಾಡಿಸಿಕೊಂಡು ಹೋದರು. ದೊಡ್ಡತ್ತೆ ಇದು ಜಾಹೀರಾತು, ಮದುವೆಯಲ್ಲ ಅಂತ ಒಂದೇ ಮಾತಿನಲ್ಲಿ ಮುಗಿಸಿದರು.

ಅಷ್ಟಕ್ಕೇ ಬಿಟ್ಟಿದ್ದರೆ ಅಳಿಯ ಹೇಗೋ ಸುಮ್ಮನಿರುತ್ತಿದ್ದ. ಆದರೆ ದೊಡ್ಡತ್ತೆಗೆ ತಮ್ಮನ ಮಗಳ ಚಿಂತೆ. ವಯಸ್ಸು ಮೀರುತ್ತಿದೆ, ಏಳು ತಿಂಗಳು ಬೇರೆ. ಒಂದು ದಿನ ಫೋನ್ ಬಂತು. “ಕನ್ನಡಕದವರೇ, ಭಾನುವಾರ ಹುಡುಗಿ ನೋಡೋಕೆ ಒಬ್ಬ ಹಲ್ಲಿನ ಡಾಕ್ಟರು ಬರ್ತಾರೆ. ನೀವು ಮನೇಲೇ ಇರ್ತೀರಲ್ಲ? ಸ್ವಲ್ಪ ಕುರ್ಚಿಗಿರ್ಚಿ ಎತ್ತಿಡಬೇಕು.”

ಭಾನುವಾರ ಬಂದೇಬಿಟ್ಟರು. ಡಾಕ್ಟರು, ಅವನ ತಾಯಿ, ದೊಡ್ಡತ್ತೆ. ಹೆಂಡತಿ ಎದುರಿಗೆ ಕೂತು, ನಗು ತಡೆಯಲು ಬಿಸ್ಕತ್ತಿನ ಮೇಲೆ ಬಿಸ್ಕತ್ತು ತಿನ್ನುತ್ತಿದ್ದಳು. ಡಾಕ್ಟರ ತಾಯಿ ಮೆಲ್ಲಗೆ, “ಹುಡುಗಿ ಸ್ವಲ್ಪ ದಪ್ಪ ಅಲ್ವಾ?” ಅಂದರು.

“ಏ, ಇಲ್ಲ ಇಲ್ಲ. ಬಸುರಿ ಅಷ್ಟೆ,” ಅಂದರು ದೊಡ್ಡತ್ತೆ. “ಹೆತ್ತ ಮೇಲೆ ಇಳಿದು ಹೋಗುತ್ತೆ.”

ತಾಯಿಗೆ ಸಮಾಧಾನವಾಯಿತು. ಡಾಕ್ಟರ ಕನ್ನಡಕ ಮೂಗಿನಿಂದ ಜಾರುತ್ತಲೇ ಇತ್ತು. ಅಳಿಯನಿಗೆ ನೋಡಲಾಗಲಿಲ್ಲ. ಕಸುಬು ನೋಡಿ, ಕೈ ಸುಮ್ಮನಿರುವುದಿಲ್ಲ. ಕಾಫಿ ತಟ್ಟೆ ಇಟ್ಟು, ಜೇಬಿನಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದು, “ಕೊಡಿ ಇಲ್ಲಿ” ಅಂತ ಇಸಿದುಕೊಂಡು ಬಿಗಿ ಮಾಡಿ ಕೊಟ್ಟ. ಡಾಕ್ಟರು ಹಾಕಿಕೊಂಡು ಸುತ್ತ ನೋಡಿದ. ಗೋಡೆಯ ಮೇಲಿನ ಫೋಟೋದ ಮೇಲೆ ಅವನ ಕಣ್ಣು ಬಿತ್ತು.

“ಇದರಲ್ಲಿರೋದು ನೀವೇ ಅಲ್ವಾ? ಮದುವೆ ಫೋಟೋ ಥರ ಇದೆ.”

ಅಳಿಯ ಫೋಟೋದ ಹತ್ತಿರಕ್ಕೇ ಹೋಗಿ ನಿಂತ. ಅಬ್ಬಾ, ಕಣ್ಣಿರುವ ಒಬ್ಬನಾದರೂ ಸಿಕ್ಕ! “ಮದುವೆ ಫೋಟೋನೇ ಸಾರ್!” ಅಂದ.

“ಫೋಟೋ ಇದ್ರೆ ಆಗ್ಹೋಯ್ತಾ?” ದೊಡ್ಡತ್ತೆ ಅಡ್ಡಬಂದರು. “ಸ್ಲೈಡ್ ಬಂದಿಲ್ಲ.”

“ಓ, ಹಾಗಾದ್ರೆ ಸರಿ,” ಡಾಕ್ಟರು ತಲೆಯಾಡಿಸಿದ. “ನಮ್ಮ ಮನೇಲಿ ವಿಡಿಯೋ ಬರಬೇಕು. ನನಗೆ ಹುಡುಗಿ ಒಪ್ಪಿಗೆ.”

ದೊಡ್ಡತ್ತೆ ಖುಷಿಯಿಂದ ಎದ್ದು ನಿಂತರು. “ಇವನ ಜೊತೆ ಆದ್ರೆ ತಮ್ಮ ಬೇಗ ಸ್ಲೈಡ್ ಹಾಕ್ತಾನೆ ನೋಡು. ಆಮೇಲೆ ಮಗೂದೂ ಹಾಕ್ಬಹುದು. ಎಲ್ಲಾ ಸಲೀಸು!”

ಅಳಿಯನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗೆ ಬಿತ್ತು. ಅವರು ಹೋದ ಮೇಲೆ ಅವನು ಕಪ್ಪುಗಳನ್ನು ತೊಳೆದ. ತೊಳೆದ ಕಪ್ಪುಗಳನ್ನೇ ಮತ್ತೆ ತೊಳೆದ. ಹೆಂಡತಿ ಬಂದು ಅವನ ಮುಖ ನೋಡಿದಳು. ಅವಳ ನಗುವೂ ಅಲ್ಲಿಗೆ ನಿಂತಿತು.

“ಅಪ್ಪನ ಹತ್ರ ಹೋಗು,” ಅಂದಳು. “ನಾನು ಕೇಳಿದ್ರೆ ಅಪ್ಪ ಅತ್ತುಬಿಡ್ತಾರೆ. ನಂಗೆ ನೋಡೋಕಾಗಲ್ಲ.”

ಮಾವ ಡ್ರೈವಿಂಗ್ ಸ್ಕೂಲಿನಲ್ಲಿ ಮೇಷ್ಟ್ರು. ಕಲಿಸುವ ಕಾರಿನಲ್ಲಿ ಅವರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದಲ್ಲ, ಜೀವಮಾನವೆಲ್ಲ ಅದನ್ನು ಒತ್ತಿ ಒತ್ತಿ ಅವರ ಬಲಗಾಲಿಗೆ ಅದೇ ಚಾಳಿ. ಬಸ್ಸಿನಲ್ಲಿ ಕೂತರೂ ನೆಲ ಒತ್ತುತ್ತಾರೆ, ಲಿಫ್ಟಿನಲ್ಲಿ ನಿಂತರೂ ಒತ್ತುತ್ತಾರೆ. ಯಾರಾದರೂ ಗಬಗಬ ತಿಂದರೂ ಅವರ ಕಾಲು ತಾನಾಗಿ ಕೆಳಗೆ ಹೋಗುತ್ತದೆ. ಅಳಿಯ ಹೋದಾಗ ಅವರು ಕಂಪ್ಯೂಟರಿನ ಮುಂದೆ ಕೂತಿದ್ದರು.

“ಬನ್ನಿ, ಬನ್ನಿ. ಕಾಫಿ ಇಡ್ಲಾ?”

“ಕಾಫಿ ಬೇಡ ಮಾವ. ನನ್ನ ಮದುವೆ ಬೇಕು,” ಅಂದ ಅಳಿಯ. ಎರಡು ವರ್ಷದ ಸಿಟ್ಟು ಒಂದೇ ಉಸಿರಿಗೆ ಹೊರಬಂತು. “ಇವತ್ತು ನನ್ನ ಹೆಂಡತೀನ ನೋಡೋಕೆ ಬಂದವನಿಗೆ ನಾನೇ ಕಾಫಿ ಕೊಟ್ಟೆ. ನಾನು ನಿಮಗೆ ಇಷ್ಟ ಇಲ್ಲ ಅಂದ್ರೆ ಬಾಯಿಬಿಟ್ಟು ಹೇಳ್ಬಿಡಿ.”

ಮಾವ ಕಣ್ಣು ಕಣ್ಣು ಬಿಟ್ಟರು. “ಇಷ್ಟ ಇಲ್ವಾ? ಯಾರು ಹೇಳಿದ್ದು? ಕೂತ್ಕೊಳ್ಳಿ. ದಿನಾ ಮಾಡ್ತಾನೇ ಇದ್ದೀನಿ.”

ಕುರ್ಚಿ ಎಳೆದು ಕೂರಿಸಿ ತೋರಿಸಿದರು. ‘ಸಂತೋಷ ಒಂದು’ ಶುರುವಾಯಿತು. ‘ನಮ್ಮ ಮಗಳ ಮದುವೆ’ ಅಂತ ಮೊದಲ ಸ್ಲೈಡು. ಎರಡನೆಯದರಲ್ಲಿ ಟವೆಲಿನಲ್ಲಿ ಸುತ್ತಿದ ಕೂಸು. ಅದೇ ಕೂಸು ಆಕಳಿಸಿತು. ಅದೇ ಕೂಸು ಆಕಳಿಕೆ ಮುಗಿಸಿತು. ಬೋರಲು ಬಿತ್ತು, ತೆವಳಿತು, ಬಕೆಟ್ಟಿನಲ್ಲಿ ಕೂತಿತು. ಸಂಗೀತ ಮುಗಿದು ಮತ್ತೆ ಶುರುವಾಯಿತು, ಮತ್ತೆ ಮುಗಿಯಿತು. ಅಳಿಯನಿಗೆ ಕಾಲು ಜೋಮು ಹಿಡಿದಾಗ ಮುಂದಿನ ಹಲ್ಲು ಬಿದ್ದ ಒಬ್ಬಳು ಹುಡುಗಿ ಸ್ಕೂಲ್ ಬ್ಯಾಗ್ ಹೊತ್ತು ನಿಂತಿದ್ದಳು. ಅಲ್ಲಿಗೆ ನಿಂತುಹೋಯಿತು.

“ಮದುವೆ ಎಲ್ಲಿ ಮಾವ?”

“ಬರುತ್ತೆ, ಬರುತ್ತೆ. ಈಗಿನ್ನೂ ಮೂರನೇ ಕ್ಲಾಸು.”

“ಎರಡು ವರ್ಷದಲ್ಲಿ ಮೂರನೇ ಕ್ಲಾಸಾ?”

“ಯಾವ ಫೋಟೋ ಬಿಡ್ಲಿ ಹೇಳಿ? ಇದರಲ್ಲಿ ಹಲ್ಲಿಲ್ಲ, ಇದರಲ್ಲಿ ಅರ್ಧ ಬಂದಿದೆ, ಇದರಲ್ಲಿ ಪೂರ್ತಿ. ಒಂದು ಬಿಟ್ರೂ ಹಲ್ಲು ಎಲ್ಲಿಂದ ಬಂತು ಅಂತ ಜನ ಕೇಳಲ್ವಾ?”

ಅಳಿಯ ಕೆಳಗೆ ನೋಡಿದ. ಮೇಜಿನಡಿ ಮಾವನ ಬಲಗಾಲು ನೆಲವನ್ನು ಬೆರಳು ಬೆಳ್ಳಗಾಗುವಷ್ಟು ಒತ್ತಿ ಹಿಡಿದಿತ್ತು. ಅವನ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

“ಮಾವ, ಬ್ರೇಕ್ ಮೇಲಿಂದ ಕಾಲು ತೆಗೀರಿ,” ಅಂದ ಮೆಲ್ಲಗೆ.

ಮಾವ ತಮ್ಮ ಕಾಲನ್ನು ನೋಡಿಕೊಂಡರು. ತೆಗೆಯಲಿಲ್ಲ.

“ನಿಮ್ಮ ಅತ್ತೆ ಹೋದಾಗ ಅಕ್ಕ ಫೋನ್ ಮೇಲೆ ಫೋನು. ಸ್ಲೈಡ್ ಹಾಕೋ, ಜನ ಅಳೋಕೆ ಕಾಯ್ತಾ ಕೂತಿದ್ದಾರೆ ಅಂತ. ಸಂಜೆ ಒಳಗೆ ಮಾಡಿ ಹಾಕ್ಬಿಟ್ಟೆ. ಹಾಕೋವರೆಗೂ ಅವಳು ಅಡುಗೆಮನೇಲೇ ಇದ್ದಾಳೆ ಅನ್ನಿಸ್ತಿತ್ತು. ಕೊನೇಲಿ ‘ಮುಕ್ತಾಯ’ ಅಂತ ಬಂತು ನೋಡಿ, ಆಮೇಲೆ ಅಲ್ಲಿ ಯಾರೂ ಇರ್ಲಿಲ್ಲ.” ಅವರು ಮೂಗು ಒರೆಸಿಕೊಂಡರು. “ಇದರ ಕೊನೇಲೂ ‘ಮುಕ್ತಾಯ’ ಬರುತ್ತೆ. ವೆಬ್‌ಸೈಟಿನವರೇ ಹಾಕ್ತಾರೆ, ಅಳಿಸೋಕೆ ಬರಲ್ಲ. ಇವಳೂ ಹೋಗ್ಬಿಟ್ರೆ ನಾನು ಯಾರ ಫೋಟೋ ತೆಗೀಲಿ?”

ಅಳಿಯ ಮೌಸ್ ಹಿಡಿದು ಅಲ್ಲಿ ಇಲ್ಲಿ ಒತ್ತಿದ. ಮೂಲೆಯಲ್ಲೊಂದು ಚೌಕ ಕಂಡಿತು. ಅಕ್ಷರ ತೀರಾ ಸಣ್ಣದು, ಕನ್ನಡಕದವನಾದ್ದರಿಂದ ಓದಿದ. ‘ಮುಗಿದ ಕೂಡಲೇ ಮೊದಲಿನಿಂದ ತೋರಿಸು.’ ಒತ್ತಿದ. ‘ಮುಕ್ತಾಯ’ ಮಾಯವಾಯಿತು.

“ಈಗ ಮುಗಿಯೋದೇ ಇಲ್ಲ ಮಾವ. ಮದುವೆ ಆದ ತಕ್ಷಣ ಅವಳು ಮತ್ತೆ ಟವೆಲಿಗೇ ಬರ್ತಾಳೆ.”

ಮಾವ ತೆರೆಯ ಹತ್ತಿರ ಮುಖ ತಂದು ಆ ಚೌಕವನ್ನು ಬಹಳ ಹೊತ್ತು ನೋಡಿದರು. ಅವರ ಕಾಲು ನಿಧಾನಕ್ಕೆ ಮೇಲೆ ಬಂತು. “ಹಾಗಾದ್ರೆ ಹೈಸ್ಕೂಲು ಸ್ವಲ್ಪ ಜೋರಾಗಿ ಓಡಿಸ್ಬಹುದು,” ಅಂದರು. ಇಬ್ಬರೂ ಕೂತು ಹೈಸ್ಕೂಲು ದಾಟಿಸಿದರು, ಕಾಲೇಜು ದಾಟಿಸಿದರು, ನೋಂದಣಿ ಕಚೇರಿಯ ಮೆಟ್ಟಿಲು ಹತ್ತಿಸಿದರು. ಕತ್ತಲಾಗುವ ಮೊದಲೇ ಲಿಂಕ್ ಗುಂಪಿಗೆ ಹೋಯಿತು.

ಮಾರನೆಯ ದಿನ ಬೆಳಗ್ಗೆ ದೊಡ್ಡತ್ತೆಯ ಫೋನು. ದನಿ ಬಿದ್ದುಹೋಗಿತ್ತು. “ಇದಕ್ಕೆ ಕೊನೆ ಎಲ್ಲಪ್ಪಾ? ಈಗ ಮುಗೀತು, ಈಗ ಮುಗೀತು ಅಂತ ಒಲೆ ಕೂಡ ಹಚ್ಚಿಲ್ಲ ನಾನು. ‘ನೋಡಿದೆ’ ಅಂತ ಯಾವಾಗ ಬರೀಬೇಕು?”

ಕೊನೆಯವರೆಗೆ ನೋಡದೆ ಹಾಗೆ ಬರೆಯುವಂತಿಲ್ಲ, ಅದು ಅವರೇ ಮಾಡಿದ ಕಾನೂನು. ಹಾಗಾಗಿ ಯಾರೂ ‘ನೋಡಿದೆ’ ಅನ್ನಲಿಲ್ಲ. ಎಲ್ಲರೂ ‘ನೋಡ್ತಾ ಇದ್ದೀನಿ’ ಅಂತ ಬರೆದರು. ಚಿಕ್ಕಪ್ಪ ಹೊಸ ಕನ್ನಡಕ ಹಾಕಿಕೊಂಡು ಇವತ್ತಿಗೂ ನೋಡುತ್ತಿದ್ದಾರೆ. ಹಲ್ಲಿನ ಡಾಕ್ಟರು ಕೂಡ ಅದು ಹೇಗೋ ಲಿಂಕ್ ಸಂಪಾದಿಸಿ, ‘ನೋಡ್ತಾ ಇದ್ದೀನಿ, ಹಲ್ಲು ಚೆನ್ನಾಗಿ ಬಂದಿದೆ’ ಅಂತ ಬರೆದ. ಮನೆತನದ ಲೆಕ್ಕದಲ್ಲಿ ಮದುವೆ ಆಗಿಲ್ಲ ಅನ್ನುವಂತಿಲ್ಲ, ಆಗಿದೆ ಅನ್ನುವಂತೆಯೂ ಇಲ್ಲ. ನಡೆಯುತ್ತಿದೆ.

ಅದು ನಡೆಯುತ್ತಿರುವಾಗಲೇ ಮಗು ಹುಟ್ಟಿತು, ಹೆಣ್ಣು. ಆಸ್ಪತ್ರೆಗೆ ಬಂದ ದೊಡ್ಡತ್ತೆ ಬಾಗಿಲಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತರು. “ಮದುವೆ ಇನ್ನೂ ನಡೀತಾ ಇದೆ, ಅಷ್ಟರಲ್ಲೇ ಮಗು! ಏನು ಅವಸರ ನಿಮಗೆ, ಅಳಿಯಂದ್ರೇ?”

ಅಳಿಯಂದ್ರೇ! ಹೆಂಡತಿ ಮಂಚದ ಮೇಲಿಂದಲೇ ಅವನ ಕಡೆ ನೋಡಿದಳು. ಅವನಿಗೆ ಕಣ್ಣು ಮಂಜಾಗಿ ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು.

ಮಾವ ಅಭ್ಯಾಸದಂತೆ ಜೇಬಿನಿಂದ ಫೋನ್ ತೆಗೆದರು. ಟವೆಲಿನಲ್ಲಿ ಸುತ್ತಿದ ಕೂಸು ಆಕಳಿಸುತ್ತಿತ್ತು. ಬೆರಳು ಗುಂಡಿಯ ಮೇಲಿತ್ತು. ಅವರು ಒತ್ತಲಿಲ್ಲ. ಫೋನನ್ನು ಮತ್ತೆ ಜೇಬಿಗಿಳಿಸಿ ಎರಡೂ ಕೈ ಚಾಚಿದರು. “ಕೊಡಿ ಇಲ್ಲಿ.”

“ಫೋಟೋ ತೆಗೀದೆ ಇದ್ರೆ ಹುಟ್ಟಿದೆ ಅಂತ ಹೇಗೆ ಗೊತ್ತಾಗೋದೋ?” ಅಂದರು ದೊಡ್ಡತ್ತೆ.

ಅಷ್ಟರಲ್ಲಿ ಕೂಸು ಬಾಯಿ ತೆರೆದು, ಇಡೀ ವಾರ್ಡಿಗೆ ಕೇಳುವಂತೆ ಕಿರುಚಿತು.

“ಇದಕ್ಕೆ ಮ್ಯೂಸಿಕ್ ತಾನಾಗೇ ಕೂತಿದೆ ಅಕ್ಕ,” ಅನ್ನುತ್ತ ಮಾವ ಕೂಸನ್ನು ಎದೆಗೊತ್ತಿಕೊಂಡು ಕಿಟಕಿಯ ಕಡೆಗೆ ನಡೆದರು.