ಪದ್ಮಣ್ಣನವರು ಏಡಿ ಬಿಟ್ಟಿದ್ದು

ಸಿಂಚನಾ ನಮ್ಮ ಕೊಟ್ಟಿಗೆಯಲ್ಲಿ ಏಡಿ ಸಾಕಿದ್ದು ಅವಳ ಮನೆಯಲ್ಲಿ ಜಾಗವಿಲ್ಲ ಅಂತಲ್ಲ. ಅವರ ಹೆಬ್ಬಾಗಿಲ ಒಳಗೆ ನಮ್ಮ ಇಡೀ ಮನೆ ಹಿಡಿಸುತ್ತದೆ. ಆದರೆ ಅವಳ ಅಪ್ಪ ಪದ್ಮಣ್ಣನವರು ಜೈನರು, ನಲ್ಲಿ ನೀರನ್ನೂ ಬಟ್ಟೆಯಲ್ಲಿ ಸೋಸಿ ಕುಡಿಯುವವರು. ಜೀವ ಇರುವುದಕ್ಕೆ ಸೂಜಿ ಚುಚ್ಚುವ ಕೆಲಸ ತಮ್ಮ ಸೂರಿನಡಿ ಆಗಕೂಡದು ಎಂದಿದ್ದರು. ನಾವು ಏಡಿ ತಿನ್ನುವ ಜನ. ಹಾಗಾಗಿ ಪಾಪ ನಮ್ಮ ಮನೆಗೆ ಬಂತು.

ಅವರ ತಂದೆಯ ಕಾಲದಲ್ಲಿ ನಾವು ಅವರ ಗೇಣಿ ಒಕ್ಕಲು. ಆ ಹಿರಿಯರೂ ಹೀಗೇ, ಇರುವೆ ಸಾಲು ದಾಟಿ ಮುಗಿಯುವವರೆಗೆ ಅಂಗಳದಲ್ಲಿ ನಿಂತಿರುತ್ತಿದ್ದರು. ನನ್ನವ್ವ ಹೆತ್ತ ಹಸಿಮೈಯಲ್ಲಿ ಭತ್ತದ ಹೊರೆ ಹೊತ್ತು, ಅದೇ ಇರುವೆ ಸಾಲಿನ ಈಚೆ, ಅವರು ದಾರಿ ಬಿಡಲಿ ಎಂದು ಕಾದು ನಿಂತಿದ್ದನ್ನು ನಾನು ಚಿಕ್ಕವನಿದ್ದಾಗ ನೋಡಿದ್ದೇನೆ. ಭೂಮಿ ನಮ್ಮದಾಗಿ ಎಷ್ಟೋ ವರ್ಷವಾಯಿತು. ನೋಡಿದ್ದು ಹೋಗಿಲ್ಲ.

ಸಿಂಚನಾ ಯೂನಿವರ್ಸಿಟಿಯಲ್ಲಿ ಓದುತ್ತಿದ್ದದ್ದು ಏಡಿಯ ರಕ್ತದ ವಿಷಯ. ನಮ್ಮ ರಕ್ತದಲ್ಲಿ ಕಬ್ಬಿಣ ಉಸಿರು ಹೊತ್ತ ಹಾಗೆ ಏಡಿಯ ರಕ್ತದಲ್ಲಿ ತಾಮ್ರ ಹೊರುತ್ತದಂತೆ. ಆ ತಾಮ್ರದ ಪ್ರೋಟೀನಿಗೆ ಹೀಮೋಸಯನಿನ್ ಎಂದು ಹೆಸರು ಹೇಳಿಕೊಟ್ಟಿದ್ದಳು. ಕಾಲಿನ ಬುಡದ ಸಂದಿಗೆ ಕೂದಲಿನಂಥ ಸೂಜಿ ಚುಚ್ಚಿ ಒಂದು ಹನಿ ತೆಗೆದರೆ ಮೊದಲು ಅದಕ್ಕೆ ಬಣ್ಣವೇ ಇಲ್ಲ. ಗಾಳಿ ತಾಗುತ್ತಾ ನೀಲಿಯಾಗುತ್ತದೆ. ಏಡಿ ಬೆಳೆಯಬೇಕಾದರೆ ಚಿಪ್ಪು ಕಳಚಬೇಕು. ಕಳಚಿದ ಮೇಲೆ ನೀರು ಹೀರಿ ಊದಿಕೊಳ್ಳುತ್ತದೆ, ಆಗ ರಕ್ತ ನೀರು ಬೆರೆಸಿದ ಮಜ್ಜಿಗೆಯಷ್ಟು ತೆಳ್ಳಗಾಗುತ್ತದೆ, ಬೇಕಾದಷ್ಟು ಉಸಿರು ಹೊರುವುದಿಲ್ಲ. ತಣ್ಣೀರಾದರೆ ಹೇಗೋ ಸುಧಾರಿಸಿಕೊಳ್ಳುತ್ತದೆ. ಮೇಲಿನ ರಸ್ತೆ ಅಗಲ ಮಾಡಲು ಮರ ಕಡಿದ ಮೇಲೆ ನಮ್ಮ ಹಳ್ಳಕ್ಕೆ ಬಿಸಿಲು ಬೀಳುತ್ತಿದೆ. ಬೆಚ್ಚಗಿನ ನೀರಿನಲ್ಲಿ ಗಾಳಿ ಕಡಿಮೆ. ಅಂಥ ನೀರಿನಲ್ಲಿ ಬೆಳೆಯುವ ಮರಿಗಳ ರಕ್ತ ಮತ್ತೆ ಗಟ್ಟಿಯಾಗುತ್ತದೋ ಇಲ್ಲವೋ, ಅವಳಿಗೆ ಗೊತ್ತಾಗಬೇಕಿತ್ತು. ಮೂರು ಮಳೆಗಾಲದಿಂದ ಅದೇ ಕೆಲಸ. ಚಿಪ್ಪು ಕಳಚಿದವುಗಳಿಂದ ಇನ್ನೊಂದು ಸಲ ರಕ್ತ ತೆಗೆದರೆ ಮುಗಿಯಿತು. ಈ ವರ್ಷ ಮುಗಿಸದಿದ್ದರೆ ಹೆಸರು ತೆಗೆದುಹಾಕುತ್ತೇವೆ ಎಂದು ಮೇಲಿನವರು ಹೇಳಿಬಿಟ್ಟಿದ್ದರು.

ನನ್ನ ಹೆಂಡತಿ ಗುತ್ಯಮ್ಮ ಅವಳನ್ನು ಸುಮ್ಮನೆ ಬಿಡುತ್ತಿರಲಿಲ್ಲ. "ಸಾರಿಗೆ ಹಾಕಿದ್ರೆ ನಮಗೆ ಎರಡು ಹೊತ್ತು ಆಗ್ತಿತ್ತು. ನೀ ನೋಡಿದ್ರೆ ಬಾಣಂತಿ ಹಂಗೆ ಆರೈಕೆ ಮಾಡ್ತೀಯಲ್ಲ ಮಗಾ" ಅನ್ನುತ್ತಿದ್ದಳು.

"ಒಂದು ಕಮ್ಮಿ ಆದ್ರೂ ನಿಮ್ಮ ಬಾಯಿ ಮೂಸಿ ನೋಡ್ತೀನಿ ಗುತ್ಯಜ್ಜಿ."

ಚಿಪ್ಪು ಕಳಚಿದ ಏಡಿ ಬೇಯಿಸಿದ ಮೊಟ್ಟೆಯಷ್ಟು ಮೆತ್ತಗೆ. ಗಟ್ಟಿ ಏಡಿಗಳ ಹತ್ತಿರ ಸಿಕ್ಕರೆ ಹರಿದು ತಿಂದುಬಿಡುತ್ತವೆ. ಅದಕ್ಕೇ ಒಂದೊಂದಕ್ಕೆ ಒಂದೊಂದು ಬಕೆಟ್ಟು, ಮೇಲೆ ಬಲೆ. ಇಷ್ಟೊಂದು ಬಕೆಟ್ಟು ಯಾಕೆ ಎಂದು ಪದ್ಮಣ್ಣನವರು ಒಂದು ದಿನ ನಮ್ಮ ಅಂಗಳದಲ್ಲಿ ನಿಂತು ಕೇಳಿದಾಗ ಅವಳು ಇದನ್ನೆಲ್ಲ ಬಿಡಿಸಿ ಹೇಳಿದ್ದಳು. ಅವರು ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡರು.

ಭಾದ್ರಪದದಲ್ಲಿ ಅವರಿಗೆ ದಶಲಕ್ಷಣ ಪರ್ವ. ಕೊನೆಯ ದಿನ ಅನಂತ ಚತುರ್ದಶಿ, ಉಪವಾಸ. ಆ ದಿನ ಪ್ರತಿ ವರ್ಷ ಅವರು ಬಲೆ ಹಾಕುವವರಿಂದ ಜೀವ ಇರುವ ಮೀನು ಕೊಂಡು ಕೆರೆಗೆ ಬಿಡುತ್ತಿದ್ದರು. ಸೆರೆಯಲ್ಲಿದ್ದ ಜೀವಕ್ಕೆ ಅಭಯದಾನ ಎನ್ನುತ್ತಾರೆ ಅದಕ್ಕೆ. ಆ ಸಲದ ಚತುರ್ದಶಿಯ ಹೊತ್ತಿಗೆ ಬಕೆಟ್ಟಿನವೆಲ್ಲ ಚಿಪ್ಪು ಕಳಚಿದ್ದವು. ಅಂದು ಸಿಂಚನಾ ರಕ್ತ ಇಡುವ ಐಸ್ ಪೆಟ್ಟಿಗೆ ತರಲೆಂದು ನಿಟ್ಟೂರಿನಿಂದ ಬೆಳಗಿನ ಬಸ್ಸಿಗೆ ಶಿವಮೊಗ್ಗಕ್ಕೆ ಹೋಗಿದ್ದಳು.

ನಾನು ಗದ್ದೆಯಿಂದ ಬರುವಾಗ ಪದ್ಮಣ್ಣನವರು ಹಳ್ಳದ ಕಾಲುಸಂಕದ ಕೆಳಗಿನ ಗುಂಡಿಯ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಬಿಳಿ ಪಂಚೆ ಒದ್ದೆ. ಖಾಲಿ ಬಕೆಟ್ಟುಗಳನ್ನು ಒಂದರೊಳಗೊಂದು ಸೇರಿಸಿ ಪಕ್ಕಕ್ಕಿಟ್ಟಿದ್ದರು. ಕೊನೆಯದನ್ನು ಪಂಚನಮಸ್ಕಾರ ಮಂತ್ರ ಹೇಳಿಕೊಳ್ಳುತ್ತಾ, ಕೂಸಿಗೆ ನೀರು ಹುಯ್ಯುವ ಹಾಗೆ ನಿಧಾನವಾಗಿ ಬಗ್ಗಿಸುತ್ತಿದ್ದರು. ಗುತ್ಯಮ್ಮ ದಡದ ಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಬೇಡ ಎಂದಳಂತೆ. ಪರ್ವದ ದಿನ ಅಡ್ಡ ಬರಬೇಡ ಎಂದರಂತೆ.

ನಾವು ಮೀನು ತೊಳೆಯುವುದು ಅದೇ ಗುಂಡಿಯಲ್ಲಿ. ಕರುಳು ಕಿವಿರು ತಿಂದು ಬಲಿತ ಏಡಿಗಳು ಅಲ್ಲಿ ಕಲ್ಲಿನ ಸಂದಿಯ ತುಂಬ ಇವೆ. ಅವೆಲ್ಲ ಹೊರಗೆ ಬಂದಿದ್ದವು. ಮೆತ್ತಗಿನದಕ್ಕೆ ಓಡಲು ಕಾಲಿನಲ್ಲಿ ಬಲವಿಲ್ಲ, ಕಚ್ಚಲು ಗಟ್ಟಿಯಿಲ್ಲ. ಒಂದು ಏಡಿ ಕಾಲು ಹಿಡಿದು ಎಳೆಯುತ್ತಿತ್ತು, ಇನ್ನೊಂದು ಹೊಟ್ಟೆಯ ಮಡಿಕೆ ಬಿಡಿಸಿ ಒಳಗಿನದನ್ನು ತೆಗೆಯುತ್ತಿತ್ತು. ತಿನ್ನಿಸಿಕೊಳ್ಳುವುದು ಬೇಗ ಸಾಯುವುದಿಲ್ಲ. ಅರ್ಧ ಮೈ ಹೋದ ಮೇಲೂ ಬಾಯಿ ಆಡುತ್ತಿರುತ್ತದೆ. ನೀರು ನೀಲಿಯಾಗಲಿಲ್ಲ, ಅಷ್ಟು ಗಟ್ಟಿ ರಕ್ತ ಅವುಗಳಲ್ಲಿ ಇರಲಿಲ್ಲ.

"ಪದ್ಮಣ್ಣನೋರೇ, ಕೆಳಗೆ ನೋಡಿ" ಅಂದೆ.

"ನೋಡಬಾರದು ಮಾಸ್ತಪ್ಪ" ಎಂದರು. "ಬಿಟ್ಟ ಮೇಲೆ ತಿರುಗಿ ನೋಡಿದ್ರೆ ಬಿಟ್ಟ ಹಾಗಲ್ಲ."

ಕೈ ತೊಳೆದು ಮೇಲೆ ಹತ್ತಿ ಹೋದರು. ನಾನು ಬುಟ್ಟಿ ತಂದು ಗೋರಿದೆ. ಜೀವ ಇದ್ದದ್ದು ಒಂದು ಸಿಕ್ಕಿತು. ಅದಕ್ಕೂ ಒಂದು ಬದಿಯ ಕಾಲುಗಳಿರಲಿಲ್ಲ.

ಮಧ್ಯಾಹ್ನದ ಮೇಲೆ ಸಿಂಚನಾ ಪೆಟ್ಟಿಗೆ ಹೊತ್ತು ಬಂದಳು. ಅಳಲಿಲ್ಲ. ಗುಂಡಿಯ ಹತ್ತಿರ ಹೋಗಿ ನೋಡಿದಳು, ಆಮೇಲೆ ತಮ್ಮ ಮನೆಗೆ ನಡೆದಳು. ನಾನೂ ಹಿಂದೆ ಹೋದೆ. ಪದ್ಮಣ್ಣನವರು ಜಗಲಿಯಲ್ಲಿ ಚಾಪೆ ಹಾಕಿ ಕೂತಿದ್ದರು.

"ಅಪ್ಪಾಜಿ, ಮೆತ್ತಗಿನವನ್ನ ಉಳಿದವು ತಿಂತಾವೆ ಅಂತ ಹೇಳಿದ್ದೆ. ನೆನಪಿರ್ಲಿಲ್ವಾ?"

"ನೆನಪಿತ್ತು. ನಿನ್ನ ಕೈಯಿಂದ ಸಾಯೋದು ತಪ್ತು. ಮುಂದಿನದು ಅವುಗಳ ಕರ್ಮ."

"ಒಂದೂ ನನ್ನ ಕೈಯಲ್ಲಿ ಸತ್ತಿಲ್ಲ."

"ಇನ್ನು ಸಾಯೋದೂ ಇಲ್ಲ ಬಿಡು" ಎಂದು ಅವರು ಜಪಮಾಲೆ ಎತ್ತಿಕೊಂಡರು.

ಮರಿಗಳು ಚಿಪ್ಪು ಕಳಚುವ ಕಾಲ ಆ ವರ್ಷಕ್ಕೆ ಮುಗಿದಿತ್ತು. ಅವಳು ನಮ್ಮ ಅಂಗಳದಲ್ಲಿ ನಿಂತು ಫೋನ್ ಮಾಡಿದಳು. ಆ ಕಡೆಯವರು ಏನೆಂದರೋ, ಇವಳು ಹೂಂ ಮೇಡಂ, ಸರಿ ಮೇಡಂ ಎಂದಷ್ಟೇ ಹೇಳಿ ಇಟ್ಟಳು. ಮೂರು ವರ್ಷದ ಓದು ಅಲ್ಲಿಗೆ ನಿಂತಿತು.

ಹುಣ್ಣಿಮೆ ಕಳೆದ ಮೇಲೆ ಅವರಲ್ಲಿ ಕ್ಷಮಾವಣಿ. ತಿಳಿದೋ ತಿಳಿಯದೆಯೋ ನೋಯಿಸಿದ್ದಕ್ಕೆ ಮನೆಮನೆಗೆ ಹೋಗಿ ಕೈಮುಗಿದು ಕ್ಷಮೆ ಕೇಳುವ ದಿನ. ಕೇಳಿದವರಿಗೆ ಇಲ್ಲ ಎನ್ನುವ ಪದ್ಧತಿಯಿಲ್ಲ. ಪದ್ಮಣ್ಣನವರು ನಮ್ಮಲ್ಲಿಗೆ ಬಂದಾಗ ಸಿಂಚನಾ ಬಕೆಟ್ಟು ತೊಳೆದು ಕವುಚಿ ಹಾಕುತ್ತಿದ್ದಳು. ಅವರು ಮೊದಲು ನನಗೆ ಕೈಮುಗಿದರು. ಪ್ರತಿ ವರ್ಷದ ಹಾಗೆ ನಾನೂ ಮುಗಿದೆ. ಆಮೇಲೆ ಮಗಳ ಎದುರಿಗೆ ನಿಂತರು.

"ತಿಳಿದೋ ತಿಳೀದೆಯೋ..."

"ತಿಳಿದು" ಎಂದಳು.

"ತಿಳಿದು ಮಾಡಿದ್ದಕ್ಕೂ ಕ್ಷಮೆ ಇರಲಿ ಮಗಳೇ."

"ಕೈ ಹಿಡೀರಿ."

ಮುಗಿದಿದ್ದ ಕೈ ಬಿಡಿಸಿ ಬೊಗಸೆ ಮಾಡಿದರು. ಅವಳು ಉಳಿದಿದ್ದ ಆ ಒಂದು ಏಡಿಯನ್ನು ತಂದು ಬೊಗಸೆಯಲ್ಲಿಟ್ಟಳು. ಹಳ್ಳಕ್ಕೆ ಬಿಡಲು ಕೊಟ್ಟಳು ಎಂದುಕೊಂಡಿರಬೇಕು, ಅವರ ಮುಖ ಸಡಿಲವಾಯಿತು. ಅವಳು ಬಗ್ಗಿ, ಇದ್ದ ಕಾಲಿನ ಬುಡಕ್ಕೆ ಸೂಜಿ ಇಳಿಸಿದಳು. ಒಂದು ಹನಿಗೆ ನಿಲ್ಲಿಸಲಿಲ್ಲ. ಅದರಲ್ಲಿ ಇದ್ದದ್ದಷ್ಟನ್ನೂ ಎಳೆದಳು. ಅವರು ಕೈ ಹಿಂದಕ್ಕೆಳೆಯಹೋದಾಗ ತನ್ನ ಎಡಗೈಯಿಂದ ಅಲ್ಲಾಡದಂತೆ ಹಿಡಿದುಕೊಂಡಳು. ಏಡಿಯ ಕಾಲುಗಳು ಒಂದು ಸಲ ಅಗಲವಾಗಿ ಚಾಚಿ ಹಾಗೇ ನಿಂತವು. ಕೊಳವೆಯಲ್ಲಿದ್ದದ್ದು ನೀರಿನಂತಿತ್ತು. ನೋಡುತ್ತಾ ಇದ್ದಂತೆ ಅದಕ್ಕೆ ಬಟ್ಟೆಗೆ ನೀಲಿ ಹಾಕಿ ಕೊನೆಗೆ ಜಾಲಿಸಿದ ನೀರಿನಷ್ಟು ಬಣ್ಣ ಬಂತು.

ಒಂದು ಏಡಿಯ ರಕ್ತದಿಂದ ಯಾವ ಕೆಲಸವೂ ಆಗುವುದಿಲ್ಲ. ಅವಳು ಅದನ್ನು ಅಂಗಳಕ್ಕೆ ಚೆಲ್ಲಿ ಕೊಳವೆ ತೊಳೆದಳು.

"ಕ್ಷಮಿಸಿದೀನಿ ಅಪ್ಪಾಜಿ" ಎಂದು ಹೇಳಿ ಬಕೆಟ್ಟುಗಳ ಕಡೆ ಹೋದಳು.

ಪದ್ಮಣ್ಣನವರು ಬೊಗಸೆ ಮುಂದಕ್ಕೆ ಚಾಚಿಕೊಂಡೇ ನಿಂತಿದ್ದರು. ಅದನ್ನು ಕೆಳಗೆ ಹಾಕಲೂ ಆಗದೆ, ಇಟ್ಟುಕೊಳ್ಳಲೂ ಆಗದೆ ನನ್ನ ಕಡೆ ತಿರುಗಿದರು.

"ಮಾಸ್ತಪ್ಪ, ತಗೋ ಇದನ್ನ."

ನಾನು ಕೈ ಚಾಚಲಿಲ್ಲ. ಒಳಗಿಂದ ಬರಹೊರಟ ಗುತ್ಯಮ್ಮನನ್ನು ಕಣ್ಣಲ್ಲೇ ತಡೆದೆ. ಅವರು ಸ್ವಲ್ಪ ಹೊತ್ತು ಕಾದು, ಏಡಿಯನ್ನು ಹಿಡಿದುಕೊಂಡೇ ಮನೆಯ ದಾರಿ ಹಿಡಿದರು.